ಬಾಣಂತಿ ಕೋಣೆಯ ಹೊಗೆ

ನನ್ನ ಮೂಗು ನಮ್ಮ ಮನೆಯವರಿಗೆಲ್ಲ ಒಂದು ತಮಾಷೆ. ಹಿಂದಿನ ಬೀದಿಯಲ್ಲಿ ಯಾರೋ ತರಗೆಲೆಗೆ ಬೆಂಕಿ ಇಟ್ಟರೆ ಸಾಕು, ನಾನು ಊಟದ ಮಧ್ಯೆ ಎದ್ದು ಹಿತ್ತಲಿಗೆ ಹೋಗಿ ಮೂಗರಳಿಸಿಕೊಂಡು ನಿಲ್ಲುತ್ತೇನೆ. ಸೊಸೆ ನಗುತ್ತಾಳೆ. ನಗಲಿ, ನಾನು ಯಾಕೆ ಬೇಡ ಅನ್ನಲಿ. ಸಾಂಬ್ರಾಣಿ ಹೊಗೆಯಾದರೆ ನನ್ನ ಪಾಡು ಇನ್ನೂ ಹೆಚ್ಚು. ಎಲ್ಲರಿಗೂ ಅದು ಎಣ್ಣೆನೀರಿನ ವಾಸನೆ, ಎಳೆ ಕೂಸಿನ ವಾಸನೆ. ನನಗೆ ಮಾತ್ರ ಆ ಹೊಗೆಯ ಹಿಂದೆ ಇನ್ನೊಂದು ಹೊಗೆ ಇದೆಯೇನೋ ಎಂದು ಹುಡುಕಿ ನೋಡದಿದ್ದರೆ ಸಮಾಧಾನವಿಲ್ಲ.

ಗಂಡನ ಹೆಸರು ಹೇಳುವ ಅಭ್ಯಾಸ ನಮ್ಮ ಕಾಲದ ಹೆಂಗಸರಿಗೆ ಇರಲಿಲ್ಲ. ಈಗ ಬರೆಯುವಾಗಲೂ ಕೈ ಬರುತ್ತಿಲ್ಲ. ನಮ್ಮವರು ಎಂದರೆ ಸಾಕು. ನಮ್ಮವರು ಮಾಲೂರಿನ ಕಡೆಯವರು. ಹುಡುಗ ಇಟ್ಟಿಗೆ ಗೂಡಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದಾನೆ ಎಂದು ಹೇಳಿ ನನ್ನನ್ನು ಕೊಟ್ಟರು. ನಾನು ಶ್ರೀನಿವಾಸಪುರದಿಂದ ಟ್ರಂಕು ಹೊತ್ತು ಕೋಲಾರಕ್ಕೆ ಬಂದು ಸಂಸಾರ ಹೂಡುವ ಹೊತ್ತಿಗೆ ಅವರು ಬೆಂಕಿ ಆರಿಸುವ ಕೆಲಸಕ್ಕೆ ಸೇರಿಕೊಂಡಿದ್ದರು. ಯುದ್ಧ ನಡೆಯುತ್ತಿದ್ದ ಕಾಲ. ಚಿನ್ನದ ಗಣಿ ಹತ್ತಿರದಲ್ಲೇ ಇದೆ, ಆಕಾಶದಿಂದ ಬಾಂಬು ಬಿದ್ದರೂ ಬೀಳಬಹುದು ಎಂದು ಊರಿಗೊಂದು ಬೆಂಕಿ ಪಂಪು ತರಿಸಿದ್ದರು. ಪಂಪೆಂದರೆ ಈಗಿನ ಕೆಂಪು ಲಾರಿ ಅಂದುಕೊಳ್ಳಬೇಡಿ. ಒಂದು ಕೈಗಾಡಿ, ಅದರ ಮೇಲೆ ಎರಡೂ ಕಡೆ ಜನ ನಿಂತು ಮೇಲೆ ಕೆಳಗೆ ಒತ್ತುವ ಹಿಡಿ, ಒಂದು ಕ್ಯಾನ್ವಾಸ್ ಕೊಳವೆ, ಒಂದು ಏಣಿ, ಒಂದಿಷ್ಟು ಬಕೆಟ್ಟು, ಮುಂದುಗಡೆ ತೂಗುಹಾಕಿದ ಒಂದು ಗಂಟೆ. ಗಾಡಿಯನ್ನು ಅವರೇ ಎಳೆದುಕೊಂಡು ಓಡಬೇಕು. ಬಾಂಬೇನೂ ಬೀಳಲಿಲ್ಲ. ಆದರೆ ಹುಲ್ಲಿನ ಬಣವೆ, ಗುಡಿಸಲು, ಸೌದೆ ಡಿಪೋ ಅಂತ ಒಂದಲ್ಲ ಒಂದು ಕಡೆ ಬೆಂಕಿ ಬೀಳುತ್ತಲೇ ಇತ್ತು.

ತಲೆಗೆ ಇಟ್ಟುಕೊಳ್ಳಲು ಅವರಿಗೊಂದು ಹಿತ್ತಾಳೆ ಟೋಪಿ ಕೊಟ್ಟಿದ್ದರು. ಅದನ್ನು ನಾನು ಹುಣಸೆಹಣ್ಣು ಹಚ್ಚಿ ದೇವರ ಸಾಮಾನಿನ ಜೊತೆಗೇ ಬೆಳಗುತ್ತಿದ್ದೆ. ಬೆಳಗುವಾಗ ಅದರ ಮೇಲಿನ ತಗ್ಗುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಹೊಸದೊಂದು ತಗ್ಗು ಕಂಡರೆ ಅವತ್ತೆಲ್ಲ ನಮ್ಮಿಬ್ಬರಿಗೂ ಜಗಳ.

"ಗೂಡಿನ ಕೆಲಸಕ್ಕೇ ವಾಪಸ್ ಹೋಗ್ರೀ," ಎನ್ನುತ್ತಿದ್ದೆ.

"ಅಲ್ಲೂ ಬೆಂಕಿ, ಇಲ್ಲೂ ಬೆಂಕಿ ಕಣೇ. ಏನ್ ವ್ಯತ್ಯಾಸ?"

"ಅಲ್ಲಿ ಹೊರಗೆ ನಿಂತ್ಕೊಂಡು ಬೆಂಕಿ ಹಾಕ್ತಿದ್ರಿ. ಇಲ್ಲಿ ಒಳಗೆ ಹೋಗ್ತೀರಿ."

ಅವರು ಟೋಪಿ ತೆಗೆದುಕೊಂಡು ಹೊರಟುಬಿಡುತ್ತಿದ್ದರು.

ನಾನು ಮೊದಲೇ ಪುಕ್ಕಲಿ, ಅದರ ಮೇಲೆ ಆಗ ಚೊಚ್ಚಲ ಬಸುರಿ. ಗಂಟೆಯ ಸದ್ದು ಬೀದಿಯಲ್ಲಿ ಕೇಳಿಸಿದರೆ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬೀಳುತ್ತಿತ್ತು. ತವರಿನಲ್ಲಿ ತಾಯಿ ಇರಲಿಲ್ಲ, ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಹೆರಿಗೆಗೆ ಎಲ್ಲಿಗೆ ಹೋಗುವುದು, ಬಾಣಂತನ ಯಾರು ಮಾಡುತ್ತಾರೆ ಎಂಬ ಯೋಚನೆ ಒಂದು ಕಡೆ. ಇವರು ಇವತ್ತು ಮನೆಗೆ ಬರುತ್ತಾರೋ ಇಲ್ಲವೋ ಎಂಬ ಯೋಚನೆ ಇನ್ನೊಂದು ಕಡೆ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ನಾವಿದ್ದದ್ದು ಪೇಟೆಯ ಹಿಂದಿನ ಒಂದು ವಠಾರದಲ್ಲಿ. ಮಧ್ಯೆ ಅಂಗಳ, ಅಂಗಳದಲ್ಲಿ ಬಾವಿ, ಆ ಕಡೆ ಈ ಕಡೆ ಎರಡು ಸಾಲು ನಾಡಹೆಂಚಿನ ಮನೆಗಳು, ಮೂಲೆಯಲ್ಲಿ ಎಲ್ಲರಿಗೂ ಸೇರಿದ ಬಚ್ಚಲಮನೆ. ಒಂದೊಂದು ಸಾಲಿನ ಮೇಲೂ ಉದ್ದಕ್ಕೆ ಒಂದೇ ಅಟ್ಟ. ಎದುರುಸಾಲಿನ ಅಟ್ಟವನ್ನು ವಠಾರದ ಯಜಮಾನರು ತಮಗೇ ಇಟ್ಟುಕೊಂಡಿದ್ದರು. ಅವರಿಗೆ ಕ್ಯಾಲನೂರಿನ ಕಡೆ ರೇಷ್ಮೆ ಸಾಕಣೆ. ಹುಳು ಗೂಡು ಕಟ್ಟಲು ಬಿಡುವ ದೊಡ್ಡ ದೊಡ್ಡ ಬಿದಿರಿನ ಚಂದ್ರಿಕೆಗಳನ್ನು ಕೆಲಸವಿಲ್ಲದ ದಿನಗಳಲ್ಲಿ ತಂದು ಆ ಅಟ್ಟದಲ್ಲಿ ಪೇರಿಸುತ್ತಿದ್ದರು. ಒಣಗಿ ಗರಿಗರಿಯಾದ ಬಿದಿರು, ಅದರ ಮೇಲೆ ಅಂಟಿಕೊಂಡ ರೇಷ್ಮೆಯ ಜುಂಗು. ಅದರ ಕೆಳಗೆ ಸಂಸಾರಗಳು.

ನಮ್ಮ ಬಾಗಿಲಿಗೆ ಎದುರಾದ ಮನೆಯಲ್ಲಿ ಒಬ್ಬ ವಿಧವೆ ಇದ್ದರು. ಮುಳಬಾಗಿಲಿನ ಆಚೆ ಗಡಿಯ ಕಡೆಯವರು. ವಠಾರಕ್ಕೆಲ್ಲ ಅವರು ದೊಡ್ಡಮ್ಮ. ಸಮಾಧಾನವಾಗಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಬಾವಿಯ ಹಗ್ಗವನ್ನು ಯಾರು ಎಲ್ಲಿ ಬಿಟ್ಟರು, ಯಾರ ಮನೆಯ ನೀರು ಯಾರ ಬಾಗಿಲಿಗೆ ಹರಿಯಿತು ಎಂಬುದೆಲ್ಲ ಅವರ ಅಧಿಕಾರಕ್ಕೆ ಸೇರಿದ ವಿಷಯ. ನನಗೆ ಅವರನ್ನು ಕಂಡರೆ ಹೆದರಿಕೆ. ಅವರ ಹಿರಿಮಗಳು ಅದೇ ಮನೆಯ ಒಳಕೋಣೆಯಲ್ಲಿ ಹೆತ್ತು, ಬಾಣಂತಿ ಸನ್ನಿ ಹಿಡಿದು, ಒಂದೇ ಸಮನೆ ಏನೇನೋ ಮಾತಾಡುತ್ತಾ ಸತ್ತಿದ್ದಳಂತೆ. ಚಳಿಗಾಳಿ ಸೋಕಿ ಹಾಗಾಯಿತು ಎಂದು ದೊಡ್ಡಮ್ಮ ನಂಬಿದ್ದರು. ಈಗ ಕಿರಿಮಗಳು ಚೊಚ್ಚಲ ಹೆರಿಗೆಗೆ ಬಂದು, ಅದೇ ಕೋಣೆಯಲ್ಲಿ ಗಂಡುಮಗು ಹೆತ್ತು ಮಲಗಿದ್ದಳು.

ಆ ಕೋಣೆಯ ಕಾವಲನ್ನು ನೀವು ನೋಡಬೇಕಿತ್ತು. ಕಿಟಕಿ ಇಲ್ಲ. ಇದ್ದ ಒಂದು ಬೆಳಕಿಂಡಿಗೆ ಹಳೇ ಸೀರೆ ತುರುಕಿದ್ದರು. ದಿನಾ ಮಧ್ಯಾಹ್ನದ ಹೊತ್ತಿಗೆ ಬಾಣಂತಿಗೆ ಎಣ್ಣೆ ತೀಡಿ, ಹಂಡೆಗಟ್ಟಲೆ ಕುದಿನೀರು ಎರೆದು, ಕೋಣೆಗೆ ಕರೆದೊಯ್ದು ಕೆಂಡದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ತಾಯಿಗೂ ಮಗುವಿಗೂ ಹೊಗೆ ಹಿಡಿಯುವುದು. ಆಮೇಲೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಗಾಳಿ ಹೊಗದ ಹಾಗೆ ಎರಡೂ ಕಿವಿಗೆ ಹತ್ತಿ ಒತ್ತಿ, ಕಂಬಳಿ ಹೊದಿಸಿ ಮಲಗಿಸುವುದು. "ಒಳಗಿಂದ ಚಿಲಕ ಹಾಕ್ಕೋ, ಯಾರೂ ಬಾಗ್ಲು ತೆಗೀಬಾರ್ದು," ಎಂದು ಹೇಳಿ ದೊಡ್ಡಮ್ಮ ಬಟ್ಟೆ ಒಗೆಯಲು ಅಂಗಳಕ್ಕೆ ಬರುತ್ತಿದ್ದರು. ಪುರುಡು, ಅಂದರೆ ಹೆರಿಗೆಯ ಮೈಲಿಗೆ, ಕಳೆಯುವವರೆಗೆ ಗಂಡಸಿನ ನೆರಳು ಕೂಡ ಆ ಹೊಸ್ತಿಲು ದಾಟುವಂತಿರಲಿಲ್ಲ. ಹೆತ್ತ ಮಗುವನ್ನು ನೋಡಲು ಬಂದ ಅಳಿಯನನ್ನೇ ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು ಕಳಿಸಿದ್ದರು.

ಹೀಗಾಗಿ ಎದುರುಸಾಲಿನ ಹೆಂಚಿನ ಸಂದಿಯಿಂದ ದಿನಾ ಮಧ್ಯಾಹ್ನ ಹೊಗೆ ಏಳುವುದು ವಠಾರಕ್ಕೆಲ್ಲ ರೂಢಿಯಾಗಿತ್ತು. ಅವತ್ತೂ ಎದ್ದಿತು. ಬೇಸಿಗೆಯ ಗಾಳಿ ಬೀಸುತ್ತಿದ್ದ ದಿನ. ನಾನು ನಮ್ಮ ಜಗುಲಿಯಲ್ಲಿ ಕೂತು ರಾಗಿ ಕೇರುತ್ತಿದ್ದೆ. ದೊಡ್ಡಮ್ಮ ಒಗೆಯುವ ಕಲ್ಲಿನ ಹತ್ತಿರ ಇದ್ದರು. ಮೂಲೆಮನೆಯ ದರ್ಜಿ ಹೊಲಿಗೆ ಮಿಷನ್ ತುಳಿಯುತ್ತಾ, "ದೊಡ್ಡಮ್ಮ, ಇವತ್ತು ಸಾಂಬ್ರಾಣಿ ಜೋರೈತೆ," ಎಂದು ಕೂಗಿದ. "ಹೂಂ ಕಣಪ್ಪ, ಮೋಡ ಹಾಕೈತೆ ನೋಡು, ಶೀತ," ಎಂದರು ದೊಡ್ಡಮ್ಮ. ಹೊಗೆ ನೋಡಿ ಯಾರಿಗೂ ಏನೂ ಅನ್ನಿಸಲಿಲ್ಲ. ನಾನೂ ಚೆನ್ನಾಗಿ ಉಸಿರೆಳೆದುಕೊಂಡೆ. ನನಗೂ ಇನ್ನು ಕೆಲವು ತಿಂಗಳಿಗೆ ಹೀಗೆ ಹೊಗೆ ಹಿಡಿಯುವವರು ಯಾರಾದರೂ ಸಿಗುತ್ತಾರೋ ಎಂದು ಯೋಚಿಸಿದೆ.

ಆಮೇಲೆ ಚಟಪಟ ಸದ್ದು ಕೇಳಿಸಿತು. ಸಾಂಬ್ರಾಣಿ ಸದ್ದು ಮಾಡುವುದಿಲ್ಲವಲ್ಲ. ತಲೆಯೆತ್ತಿದರೆ ಹೊಗೆ ಬೆಳ್ಳಗಿರಲಿಲ್ಲ, ಹಳದಿಗೆ ತಿರುಗಿತ್ತು, ಕೂದಲು ಸುಟ್ಟ ವಾಸನೆ ಬಂತು. ಅದು ರೇಷ್ಮೆಯ ಜುಂಗು. ಬಚ್ಚಲ ಒಲೆಯ ಕಿಡಿ ಗಾಳಿಗೆ ಹಾರಿ ಹೆಂಚಿನ ಸಂದಿಯಿಂದ ಅಟ್ಟಕ್ಕೆ ಬಿದ್ದಿತ್ತು ಎಂದು ಆಮೇಲೆ ಗೊತ್ತಾಯಿತು. ನಾನು ಮೊರ ಬಿಸಾಕಿ ಎದ್ದೆ. "ಬೆಂಕಿ" ಎಂದು ಕೂಗಿದೆನೋ, ಬರಿದೇ ಬಾಯಿ ತೆರೆದೆನೋ ನೆನಪಿಲ್ಲ. ಅಷ್ಟರಲ್ಲಿ ಎರಡು ಹೆಂಚು ಸಿಡಿದು ಅಂಗಳಕ್ಕೆ ಬಿದ್ದವು. ಅವು ಬಿದ್ದ ತೂತಿನಿಂದ ಬೆಂಕಿ ಮೇಲಕ್ಕೆ ಬಂತು.

ದರ್ಜಿ ಪಂಪಿನ ಶೆಡ್ಡಿಗೆ ಓಡಿದ. ಎದುರುಸಾಲಿನವರು ಕೈಗೆ ಸಿಕ್ಕ ಮಕ್ಕಳನ್ನೂ ಪಾತ್ರೆಗಳನ್ನೂ ಎಳೆದುಕೊಂಡು ಹೊರಗೆ ಬಂದರು. ದೊಡ್ಡಮ್ಮ ಒದ್ದೆ ಕೈಯಲ್ಲೇ ಒಳಗೆ ನುಗ್ಗಿದರು. ಒಳಕೋಣೆಯ ಬಾಗಿಲಿಗೆ ಎರಡೂ ಮುಷ್ಟಿಯಿಂದ ಗುದ್ದಿ, ಮಗಳ ಹೆಸರು ಹಿಡಿದು ಕೂಗುತ್ತಿದ್ದದ್ದು ಅಂಗಳಕ್ಕೆ ಕೇಳುತ್ತಿತ್ತು. ಒಳಗಿನಿಂದ ಉತ್ತರವಿಲ್ಲ. ಉತ್ತರ ಎಲ್ಲಿಂದ ಬರಬೇಕು? ಎಣ್ಣೆನೀರಿನ ನಿದ್ದೆ, ತಲೆ ತುಂಬ ಬಟ್ಟೆ, ಕಿವಿ ತುಂಬ ಹತ್ತಿ. ಆ ಹತ್ತಿಯನ್ನು ತುರುಕಿದ್ದು ಅವರದೇ ಕೈ. ಹೊಗೆಗೆ ಉಸಿರು ಕಟ್ಟಿ ತೂರಾಡುತ್ತಿದ್ದ ಅವರನ್ನು ಇಬ್ಬರು ಹೆಂಗಸರು ರಟ್ಟೆ ಹಿಡಿದು ಹೊರಗೆ ಎಳೆದು ತಂದರು.

ಗಂಟೆ ಕೇಳಿಸಿತು. ಆಗ ನಾನು ದೇವರಲ್ಲಿ ಬೇಡಿಕೊಂಡದ್ದನ್ನು ಹೇಳಲು ನನಗೆ ಸಂಕೋಚವಿಲ್ಲ. ಗಾಡಿ ಬೇಗ ಬರಲಿ, ಗಾಡಿಯ ಜೊತೆ ಇವರು ಬಾರದಿರಲಿ ಎಂದುಕೊಂಡೆ. ಬಂದವರಲ್ಲಿ ಎಲ್ಲರಿಗಿಂತ ಮುಂದೆ ಇವರೇ ಇದ್ದರು. ನನ್ನನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, "ಆಚೆ ಹೋಗು," ಎಂದು ಕೈ ಬೀಸಿದರು. ಅಷ್ಟೇ. ಹಿತ್ತಾಳೆ ಟೋಪಿ ನಾನು ಬೆಳಿಗ್ಗೆ ಬೆಳಗಿದ್ದರಿಂದ ಫಳಫಳ ಹೊಳೆಯುತ್ತಿತ್ತು.

ಬಾವಿಯಿಂದ ನೀರು ಸೇದಿ ಸೇದಿ ಪಂಪಿನ ತೊಟ್ಟಿಗೆ ಹೊಯ್ದರು, ಹಿಡಿ ಒತ್ತಿದರು, ಕೊಳವೆ ಉಬ್ಬಿತು. ಇವರು ಅದರ ಮೂತಿಯನ್ನು ದೊಡ್ಡಮ್ಮನ ಮನೆಯ ಹೆಂಚಿನ ಕಡೆಗೆ ತಿರುಗಿಸಿದರು. ಆಗ ದೊಡ್ಡಮ್ಮ ಹಿಡಿದವರ ಕೈ ಕೊಡವಿಕೊಂಡು ಬಂದು ಕೊಳವೆಯ ಮೇಲೆಯೇ ಬಿದ್ದರು.

"ವದ್ದುರಾ! ನೀಳ್ಳು ಪೊಯ್ಯೊದ್ದು!"

ನೀರು ಹೊಯ್ಯಬೇಡ ಅನ್ನುತ್ತಿದ್ದರು. ಮನೆ ಉರಿಯುತ್ತಿದೆ, ಒಳಗೆ ಮಗಳಿದ್ದಾಳೆ, ಈಯಮ್ಮನಿಗೆ ತಲೆ ಕೆಟ್ಟಿತು ಎಂದು ಜನ ಬೈದರು. "ಆ ಕಡೆ ಸರೀರಮ್ಮ!" ಎಂದು ಪಂಪಿನವನೊಬ್ಬ ಅವರನ್ನು ಎಳೆಯಲು ಹೋದ. ಅವರು ಕೊಳವೆಯನ್ನು ಎದೆಗೆ ಅವಚಿಕೊಂಡು ಕನ್ನಡಕ್ಕೆ ಬಂದರು. "ತಣ್ಣೀರು ಹೆಂಚಿಂದ ಅವಳ ಮೇಲೆ ಇಳೀತದೆ ಕಣಪ್ಪೋ. ಸನ್ನಿ ಹಿಡೀತದೆ. ಒಬ್ಬಳ್ನ ಕಳ್ಕೊಂಡಿದೀನಿ. ಇದೇ ಕೋಣೇಲಿ ಕಳ್ಕೊಂಡಿದೀನಿ."

ಕೇಳಿದವರಿಗೆ ಇದು ಮೂರ್ಖತನ ಅನ್ನಿಸಬಹುದು. ಅಂಗಳದಲ್ಲಿದ್ದ ಹೆಂಗಸರಿಗೆ ಯಾರಿಗೂ ಹಾಗನ್ನಿಸಲಿಲ್ಲ. ಬೆಂಕಿಯಿಂದ ಸತ್ತವರನ್ನು ನಾವು ನೋಡಿರಲಿಲ್ಲ. ಬಾಣಂತಿ ಸನ್ನಿಯಿಂದ ಸತ್ತವರು ಎಲ್ಲರ ಮನೆಯಲ್ಲೂ ಇದ್ದರು, ನನ್ನ ತಾಯಿಯೂ ಹಾಗೇ ಹೋದವಳು. ನನ್ನ ಕೈ ನನಗೆ ಗೊತ್ತಿಲ್ಲದೆ ಹೊಟ್ಟೆಯ ಮೇಲೆ ಹೋಯಿತು.

ನಮ್ಮವರು ಅವರನ್ನು ತಳ್ಳಲಿಲ್ಲ, ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಬಚ್ಚಲಮನೆಯ ಕಡೆ ಕಣ್ಣು ಹಾಯಿಸಿದರು. ಆಮೇಲೆ ಕೇಳಿದರು:

"ದೊಡ್ಡಮ್ಮ, ಹಂಡೇಲಿ ಬಿಸಿನೀರು ಉಳಿದೈತಾ?"

ದೊಡ್ಡಮ್ಮ ತಲೆಯಾಡಿಸಿದರು. ಬಾಣಂತಿಗೆ ಎರೆದು ಉಳಿದ ನೀರು ಬಚ್ಚಲ ಹಂಡೆಯಲ್ಲಿ ಇನ್ನೂ ಹಬೆಯಾಡುತ್ತಿತ್ತು. ಇವರು ಗಾಡಿಯ ಮೇಲಿದ್ದ ಕರಿ ಕಂಬಳಿಗಳನ್ನು ಎತ್ತಿಕೊಂಡು ಬಚ್ಚಲಿಗೆ ಓಡಿ ಹಂಡೆಗೇ ಮುಳುಗಿಸಿದರು. ನೀರು ತೊಟ್ಟಿಕ್ಕುವ ಕಂಬಳಿಯನ್ನು ತಂದು ದೊಡ್ಡಮ್ಮನ ಕೈಗೆ ಮುಟ್ಟಿಸಿದರು.

"ಬೆಚ್ಚಗೈತಾ ನೋಡಿ. ಇದನ್ನೇ ಹೊದಿಸ್ಕೊಂಡು ತರ್ತೀನಿ. ನಾನು ತರೋವರ್ಗೂ ಆ ಕೋಣೆ ಮೇಲೆ ತಣ್ಣೀರು ಬೀಳಲ್ಲ. ಸಾಲಿನ ಆ ತುದೀಗೆ ಹೊಡೀರ್ಲಾ!" ಕೊನೆಯ ಮಾತು ಪಂಪಿನವರಿಗೆ.

ದೊಡ್ಡಮ್ಮ ಕಂಬಳಿ ಮುಟ್ಟಿ ನೋಡಿದರು. ಕೊಳವೆ ಬಿಟ್ಟರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವರ ತುರುಬು ಹಿಡಿದು ಎಳೆದುಬಿಡೋಣ ಅನ್ನಿಸಿತು. ನೀರು ಹೊಡೆದು ಆರಿಸಬಹುದಾಗಿದ್ದ ಬೆಂಕಿಯೊಳಕ್ಕೆ ಈಗ ನನ್ನ ಗಂಡ ಹೋಗಬೇಕಾಯಿತು. ಗಂಡಸಿನ ನೆರಳು ಬೀಳಬಾರದಿದ್ದ ಕೋಣೆಗೆ ಇವರು ಒಂದು ಕಂಬಳಿ ತಾವು ಹೊದ್ದು, ಇನ್ನೊಂದನ್ನು ಹೆಗಲ ಮೇಲೆ ಹಾಕಿಕೊಂಡು, ಕೈಗೊಡಲಿ ಹಿಡಿದು, ಮೊಣಕಾಲೂರಿ ಒಳಗೆ ಹೋದರು.

ಕೊಡಲಿಯ ಏಟು ಕೇಳುತ್ತಿತ್ತು. ಕೇಳುವವರೆಗೆ ಪರವಾಗಿಲ್ಲ ಎಂದುಕೊಂಡು ನಿಂತೆ. ಏಟು ನಿಂತಿತು. ಬಾಗಿಲು ಒಡೆಯಿತೋ, ಇವರ ಕೈ ನಿಂತಿತೋ ಯಾರಿಗೆ ಗೊತ್ತು. ಬಾಗಿಲ ಮೇಲಿನ ಅರ್ಧಕ್ಕೆ ಹೊಗೆ ಗೋಡೆ ಕಟ್ಟಿತ್ತು, ಕೆಳಗೆ ನೆಲದ ಹತ್ತಿರ ಮಾತ್ರ ಸ್ವಲ್ಪ ತಿಳಿಯಾಗಿತ್ತು. ಆ ತಿಳಿಯಲ್ಲಿ ಮೊದಲು ಟೋಪಿ ಕಂಡಿತು. ಆಮೇಲೆ ಕಂಬಳಿಯ ದೊಡ್ಡ ಗಂಟೊಂದನ್ನು ಎಳೆದುಕೊಂಡು ಹಿಂದುಹಿಂದಕ್ಕೆ ತೆವಳಿ ಬರುತ್ತಿದ್ದ ಇವರು. ಹೆಂಗಸರು ಗಂಟನ್ನು ಎತ್ತಿಕೊಂಡು ನಮ್ಮ ಮನೆಯ ಜಗುಲಿಗೆ ತಂದರು. ದೊಡ್ಡಮ್ಮನ ಮಗಳು ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟಳು. ಏನು ನಡೆಯುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ, ಸುತ್ತ ಎಲ್ಲರ ಬಾಯಿ ಅಲ್ಲಾಡುವುದನ್ನು ಪಿಳಿಪಿಳಿ ನೋಡಿದಳು. ನಾನು ಅವಳ ಕಿವಿಯ ಹತ್ತಿ ಕಿತ್ತೆ. ಕಿತ್ತ ತಕ್ಷಣ ಅವಳು ಪಕ್ಕ ತಡವಿ ಚೀರಿದಳು.

"ಮಗು! ಮಗು ಮೊರದಲ್ಲೈತೆ!"

ನಾಮಕರಣ ಆಗಿ ತೊಟ್ಟಿಲಿಗೆ ಹಾಕುವವರೆಗೆ ಕೂಸನ್ನು ಮೊರದಲ್ಲಿ ಹಳೇ ಬಟ್ಟೆ ಹಾಸಿ ಮಲಗಿಸುವುದು ಅವರ ಪದ್ಧತಿ. ಮೊರ ಮಂಚದ ಕೆಳಗಿತ್ತು. ಕತ್ತಲೆಯಲ್ಲಿ, ಹೊಗೆಯಲ್ಲಿ ಇವರು ತಾಯಿಯ ಪಕ್ಕ ತಡವಿದ್ದಾರೆ, ಮಗು ಸಿಕ್ಕಿಲ್ಲ, ಅವಳ ಕಂಬಳಿಯೊಳಗೇ ಇದೆ ಎಂದುಕೊಂಡು ಎಳೆದು ತಂದಿದ್ದಾರೆ.

ನಮ್ಮವರು ಒಗೆಯುವ ಕಲ್ಲಿನ ಮೇಲೆ ಕೈಯೂರಿ ಕೆಮ್ಮುತ್ತಿದ್ದರು. ಈ ಮಾತು ಕಿವಿಗೆ ಬಿದ್ದು ತಲೆಯೆತ್ತಿದರು. ಅವರು ಏಳುವ ಮೊದಲೇ ನಾನು ಹೋಗಿ ಅವರ ಅಂಗಿ ಹಿಡಿದುಕೊಂಡೆ. ಹಿಂಭಾಗ ಸುಟ್ಟು ಪುಡಿಯಾಗಿದ್ದ ಅಂಗಿ ನನ್ನ ಕೈಯಲ್ಲಿ ಚೂರಾಗಿ ಬಂತು.

"ಹೋಗ್ಬೇಡ್ರೀ. ನಿಮ್ ಕಾಲಿಗೆ ಬೀಳ್ತೀನಿ. ನಮ್ದೂ ಒಂದೈತೆ."

"ಅದಕ್ಕೇ ಕಣೇ," ಎಂದರು. ಕೆಮ್ಮಿನಲ್ಲಿ ಅಷ್ಟೇ ಹೇಳಲಾಯಿತು. ಕಂಬಳಿಯನ್ನು ಮತ್ತೆ ಹಂಡೆಗೆ ಅದ್ದಿ ಹೊದ್ದುಕೊಂಡು ಹೊರಟರು.

ಅವರು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಒಳಕೋಣೆಯ ಮೇಲಿನ ಅಟ್ಟದ ತೊಲೆ ಮುರಿಯಿತು. ಉರಿಯುವ ಚಂದ್ರಿಕೆಗಳು ಬೀಳುವ ಸದ್ದು ಕೇಳಿಸಿತು. ದೊಡ್ಡಮ್ಮ ಎದೆ ಬಡಿದುಕೊಂಡು, "ಹೊಯ್ಯಿರೋ, ಈಗ ಹೊಯ್ಯಿರೋ ನೀರು!" ಎಂದು ಕಿರುಚಿದರು. ಪಂಪಿನವರು ಹೊಡೆದರು. ಕಾದ ಹೆಂಚುಗಳು ತಣ್ಣೀರು ತಾಗಿ ಪಟಪಟ ಸಿಡಿದವು. ನಾನು ಅಂಗಳದ ಮಧ್ಯೆ ಕೂತುಬಿಟ್ಟೆ. ಕುರುಡುಮಲೆಯ ಗಣಪತಿಗೆ ಹರಕೆ ಹೊತ್ತೆ, ನನ್ನ ಸತ್ತ ತಾಯಿಗೆ ಹೊತ್ತೆ, ನಡುನಡುವೆ ಆ ಇಟ್ಟಿಗೆ ಗೂಡನ್ನೂ ನೆನೆದೆ. ನನ್ನ ಮಗು ತಂದೆ ಇಲ್ಲದೆ ಹುಟ್ಟುತ್ತದೆ ಎಂಬುದು ಖಂಡಿತವಾಗಿಹೋಗಿತ್ತು. ಕಣ್ಣೀರೂ ಬರಲಿಲ್ಲ.

ನೆಲದ ಮೇಲೆ ಏನೋ ಉಜ್ಜುವ ಸದ್ದಾಯಿತು. ಹೊಗೆಯ ಕೆಳಗಿನಿಂದ ಇವರ ತಲೆ ಬಂತು, ಟೋಪಿ ಇರಲಿಲ್ಲ. ಮೊಣಕೈ ಊರಿಕೊಂಡು ತೆವಳುತ್ತಿದ್ದರು. ಪಂಚೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು, ಅದರ ಇನ್ನೊಂದು ತುದಿಗೆ ಮೊರ ಕಟ್ಟಿತ್ತು. ಮೊರದ ಮೇಲೆ ಟೋಪಿ ಕವುಚಿತ್ತು. ಮೊರ ಕಟ್ಟುವಷ್ಟರಲ್ಲಿ ಕೈಗಳು ಕೆಲಸಕ್ಕೆ ಬಾರದ ಹಾಗೆ ಬೆಂದುಹೋಗಿದ್ದವು, ಅದಕ್ಕೇ ಹಲ್ಲು. ಟೋಪಿ ಎತ್ತಿದರೆ, ಅದರ ಕೆಳಗೆ ಮುಖ ಮರೆಯಾಗಿದ್ದ ಕೂಸು ಬೆಳಕಿಗೆ ಕಣ್ಣು ಕಿರಿದು ಮಾಡಿ, ಕೆಂಪಗಾಗಿ, ಕಿಟಾರನೆ ಅತ್ತಿತು. ನೆಲದ ಮೇಲೆ ಮಲಗಿದ್ದದ್ದರಿಂದ ಹೊಗೆ ಅದರ ಮೇಲಿನಿಂದ ಹೋಗಿತ್ತು.

ಇವರು ಬಾವಿಯ ಕಟ್ಟೆಯ ಕಡೆಗೆ ತೆವಳಿದರು, ನೀರಿಗೆ. ದೊಡ್ಡಮ್ಮ ಅಡ್ಡ ಬಂದು ನಿಂತರು.

"ಬಾವಿ ಮುಟ್ಬೇಡ. ಬಾಣಂತಿ ಕೋಣೆ ಹೊಕ್ಕಿದೀಯ, ಅವಳ್ನ ಮುಟ್ಟಿದೀಯ. ನಮಗೆ ಪುರುಡು ಕಳೆಯೋವರ್ಗೂ ನಿಂಗೂ ಪುರುಡೇ."

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಮಗಳನ್ನೂ ಮೊಮ್ಮಗನನ್ನೂ ತಂದುಕೊಟ್ಟವನಿಗೆ ಮೈಲಿಗೆಯ ಮಾತೇ? ದೊಡ್ಡಮ್ಮ ಮಾತ್ರ ಬೇರೆಯವರು ಸೇದಿಟ್ಟ ನೀರನ್ನು ತಾವೇ ಚೊಂಬಿನಲ್ಲಿ ತಂದು, ನೆಲದಲ್ಲಿ ಕೂತು, ಇವರ ಬಾಯಿಗೆ ಗುಟುಕು ಗುಟುಕಾಗಿ ನೀರು ಹೊಯ್ದರು. ಸಿಟ್ಟಿನಲ್ಲಿ ನನಗೆ ಅದು ಕಂಡರೂ ಕಾಣಲಿಲ್ಲ.

ಆ ಸಾಲಿನಲ್ಲಿ ಗೋಡೆಗಳು ಉಳಿದವು. ಬಾಣಂತಿಯನ್ನು ನಮ್ಮ ಪಕ್ಕದ ಖಾಲಿ ಮನೆಗೆ ಸಾಗಿಸಿದರು. ಆಸ್ಪತ್ರೆಯ ಕಾಂಪೌಂಡರು ಇವರ ಎರಡೂ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದ. ಎದೆಯೊಳಗೆ ಹೊಗೆ ಕೂತಿದೆ, ಕೆಮ್ಮು ಬೇಗ ಹೋಗಲಾರದು ಎಂದ. ಊಟಕ್ಕೆ ನಾನೇ ತುತ್ತು ಕೊಡಬೇಕು. ತುತ್ತು ಬಾಯಿಗೆ ಇಡುವ ಮೊದಲು ಪ್ರತಿಸಲ ಅದೇ ಪ್ರಶ್ನೆ: "ಜ್ವರ ಬಂತಾ ಕೇಳಿದ್ಯಾ?"

ಬೆಂಕಿಗೆ ಹೆದರದ ಮನುಷ್ಯ ಇದಕ್ಕೆ ಹೆದರಿದ್ದರು. ಆ ಕೋಣೆಯ ಮೇಲೆ ತಣ್ಣೀರು ಬಿದ್ದಾಗ ಬಾಣಂತಿ ಹೊರಗಿದ್ದಳು, ಸರಿ. ಆದರೆ ಬಯಲಿನ ಗಾಳಿಯಲ್ಲಿ ಒದ್ದೆ ಕಂಬಳಿ ಎಷ್ಟು ಹೊತ್ತು ಬೆಚ್ಚಗಿದ್ದೀತು? ಅವಳಿಗೆ ಸನ್ನಿ ಬಂದರೆ ತಾನೇ ಕೊಂದ ಹಾಗೆ ಎಂದು ಅವರ ತಲೆಯಲ್ಲಿ ಕೂತಿತ್ತು. ದೊಡ್ಡಮ್ಮ ಬಾಗಿಲಿಗೆ ಬಂದರೆ ಇವರು ಅವರ ಮುಖ ಓದುತ್ತಿದ್ದರು. ಅವರ ಮುಖದಲ್ಲಿ ಓದುವಂಥದ್ದು ಏನೂ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಬಾಗಿಲು ಹೊತ್ತೇರಿದರೂ ತೆಗೆಯಲಿಲ್ಲ. ಗೋಡೆಗೆ ಕಿವಿಯಿಟ್ಟರೆ ನರಳುವುದು ಕೇಳುತ್ತಿತ್ತು. ಬಾಣಂತಿಗೆ ಚಳಿಜ್ವರ. ಹಲ್ಲು ಕಟಕಟ ಎನ್ನುತ್ತಿದೆ, ಮೈ ಕೆಂಡ ಎಂದು ಒಳಗೆ ಹೋಗಿ ಬಂದ ಹೆಂಗಸು ಹೇಳಿದಳು. ನಮ್ಮವರು ಅವತ್ತು ಬಾಯಿಗೆ ನೀರೂ ಹಾಕಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ, ಬಟ್ಟೆ ಸುತ್ತಿದ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತರು. "ಅವಳೇನಾದ್ರೂ ಬಡಬಡಿಸ್ತಿದಾಳಾ ಕೇಳು," ಎಂದು ನನ್ನನ್ನು ಮತ್ತೆ ಮತ್ತೆ ಗೋಡೆಯ ಹತ್ತಿರ ಕಳಿಸಿದರು. ನಾನು ಹೋಗಿ ಕಿವಿಯಿಡುತ್ತಿದ್ದೆ. ಸತ್ತ ನನ್ನ ತಾಯಿ ಆ ಗೋಡೆಯ ಆಚೆ ಮಲಗಿದ ಹಾಗೆ ನನಗೆ ಅನ್ನಿಸುತ್ತಿತ್ತು.

ಸಂಜೆಯ ಹೊತ್ತಿಗೆ ಹೆರಿಗೆ ಆಸ್ಪತ್ರೆಯ ನರ್ಸಮ್ಮ ಬಂದು ನೋಡಿದರು. ಹೆದರಿಕೆಗೆ ಮಗುವಿಗೆ ಸರಿಯಾಗಿ ಹಾಲೂಡಿಸಿಲ್ಲ, ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂದಿದೆ, ಬಿಸಿ ಶಾಖ ಕೊಟ್ಟು ಹಾಲು ತೆಗೆಯಿರಿ ಎಂದರು. ತೆಗೆದರು. ಜ್ವರ ಇಳಿಯಿತು, ಮತ್ತೆ ಬರಲಿಲ್ಲ.

ಪುರುಡು ಕಳೆಯುವ ದಿನ ದೊಡ್ಡಮ್ಮ ನಮ್ಮ ಬಾಗಿಲಿಗೆ ಬಂದು, "ಎಲ್ಲಿ ಅವ್ನು? ಮನೆಯೋರಿಗೆಲ್ಲ ಎಣ್ಣೆನೀರು, ಬರಹೇಳು," ಎಂದರು. ಇವರನ್ನು ಬಚ್ಚಲಲ್ಲಿ ಕೂರಿಸಿ ತಲೆಗೆ ಎಣ್ಣೆಯೊತ್ತಿ, ಅದೇ ಹಂಡೆಯಿಂದ ಬಿಸಿನೀರು ಎರೆದರು. ಒದ್ದೆಯಾಗದಿರಲಿ ಎಂದು ಇವರು ಎರಡೂ ಕೈಯನ್ನು ಮೇಲೆತ್ತಿಕೊಂಡು, "ಸಾಕು ದೊಡ್ಡಮ್ಮ, ಸುಡ್ತೈತೆ," ಎಂದು ಕೂಗುತ್ತಿದ್ದರು. "ಬೆಂಕೀಗೆ ಹೋದೋನಿಗೆ ಬಿಸಿನೀರು ಸುಡ್ತದಂತೆ!" ಎಂದು ಅವರು ಇನ್ನೊಂದು ಚೊಂಬು ಹೊಯ್ದರು. ಬಹಳ ದಿನದ ಮೇಲೆ ವಠಾರ ನಕ್ಕಿತು. ಇವರ ತಲೆ ಒರೆಸುತ್ತಾ ದೊಡ್ಡಮ್ಮ ನನ್ನ ಕಡೆ ತಿರುಗಿದರು.

"ಏನೇ ಹುಡ್ಗಿ, ಅವತ್ತು ನನ್ನ ನುಂಗೋ ಹಂಗೆ ನೋಡ್ದೆ? ಹೊರಗಿನೋರಿಗೆ ಪುರುಡು ಹೇಳ್ತಾರೇನೇ? ಮನೆಯೋನು ಅಂತ ತಾನೇ ಹೇಳಿದ್ದು. ನಿನ್ನ ಬಾಣಂತನ ನಂದು, ಎಲ್ಲಿಗೂ ಹೋಗ್ಬೇಡ."

ನಾನು ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅಂಗಳದಲ್ಲಿ ಅವತ್ತು ಬಾರದೇ ಹೋದ ಅಳುವೆಲ್ಲ ಆಗ ಬಂತು.

ಕೈ ವಾಸಿಯಾದ ಮೇಲೆ ಇವರು ಇಟ್ಟಿಗೆ ಗೂಡಿಗೆ ಹೋಗುತ್ತಾರೆ ಎಂದು ನಾನು ಎಣಿಸಿದ್ದೆ. ಹೋಗಲಿಲ್ಲ. ಮತ್ತೆ ಅದೇ ಟೋಪಿ ಇಟ್ಟುಕೊಂಡು ಪಂಪಿಗೇ ಹೋದರು. ಕೆಮ್ಮು ಮಾತ್ರ ಜೊತೆಗುಳಿಯಿತು, ಒಣಕೆಮ್ಮು. ಬೀದಿಯ ತಿರುವಿನಲ್ಲಿದ್ದಾಗಲೇ ಯಾರು ಬರುತ್ತಿದ್ದಾರೆಂದು ಅದರಿಂದ ತಿಳಿಯುತ್ತಿತ್ತು.

ನನಗೆ ಹೆಣ್ಣುಮಗು ಹುಟ್ಟಿತು. ದೊಡ್ಡಮ್ಮ ಹೇಳಿದ ಹಾಗೆ ಮಾಡಿದರು. ಎಣ್ಣೆ, ಕುದಿನೀರು, ಸಾಂಬ್ರಾಣಿ, ತಲೆಗೆ ಬಟ್ಟೆ ಯಾವುದನ್ನೂ ಬಿಡಲಿಲ್ಲ. ಚಿಲಕ ಮಾತ್ರ ಹಾಕಿಸಲಿಲ್ಲ. ಹೊಗೆ ಹಿಡಿದಾದ ಮೇಲೆ ಹೊರಗೆ ಹೋಗಿ ಹೆಂಚಿನ ಕಡೆ ಒಂದು ಸಲ ನೋಡಿ ಬರುತ್ತಿದ್ದರು. ಹತ್ತಿಯ ಉಂಡೆ ಮಾಡಿ ನನ್ನ ಎಡಗಿವಿಗೆ ಒತ್ತಿದರು. ಇನ್ನೊಂದು ಉಂಡೆಯನ್ನು ಬಲಗಿವಿಯವರೆಗೂ ತಂದರು. ಆಮೇಲೆ ಅದನ್ನು ದಿಂಬಿನ ಪಕ್ಕ ಇಟ್ಟು ಎದ್ದುಹೋದರು.

ಒಂದು ಮಧ್ಯಾಹ್ನ ಆ ತೆರೆದ ಕಿವಿಗೆ ಗಂಟೆ ಕೇಳಿಸಿತು. ಗಾಡಿಯ ಚಕ್ರ ನಮ್ಮ ಬೀದಿಯಲ್ಲೇ ಗಡಗಡ ಹಾದು ಪೇಟೆಯ ಕಡೆಗೆ ಹೋಯಿತು. ಏಳುವಂತಿಲ್ಲ, ಬಾಗಿಲಿಗೆ ಹೋಗುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಮಗು ನನ್ನ ಪಕ್ಕ ಮೊರದಲ್ಲಿ ಮಲಗಿತ್ತು. ಮೊರವನ್ನು ಮಂಚದ ಮೇಲಕ್ಕೇ ಎಳೆದುಕೊಂಡು, ಅದರ ಅಂಚನ್ನು ಹಿಡಿದುಕೊಂಡು, ಬಲಗಿವಿಯನ್ನು ಬೀದಿಯ ಕಡೆ ಇಟ್ಟು ಬಿದ್ದಿದ್ದೆ. ಮಗು ಎದ್ದಿತು, ಹಾಲು ಕುಡಿಯಿತು, ಮತ್ತೆ ಮಲಗಿತು. ಕೋಣೆಯ ಸಾಂಬ್ರಾಣಿ ವಾಸನೆ ಪೂರ್ತಿ ಹೋಯಿತು. ಕೊನೆಗೆ ಬೀದಿಯ ತಿರುವಿನಲ್ಲಿ ಆ ಒಣಕೆಮ್ಮು ಕೇಳಿಸಿತು. ಒಂದು ಸಲ, ಆಮೇಲೆ ಇನ್ನಷ್ಟು ಹತ್ತಿರದಲ್ಲಿ ಇನ್ನೊಂದು ಸಲ.

ದಿಂಬಿನ ಪಕ್ಕದಲ್ಲಿದ್ದ ಹತ್ತಿಯ ಉಂಡೆ ತೆಗೆದುಕೊಂಡೆ. ಅದನ್ನು ನಾನೇ ಬಲಗಿವಿಗೆ ಇಟ್ಟುಕೊಂಡು ಮಲಗಿದೆ.